ಹತ್ತರಲ್ಲಿ ಒಂದು

ಕಂಪನಿಯವನು ಬಂದಿದ್ದ, ಬಿಳಿ ಪಿಕಪ್ಪಿನಲ್ಲಿ,
ಮಣ್ಣು ಕಾಣದ ಬೂಟು ಹಾಕಿಕೊಂಡು.
ಇಪ್ಪತ್ತು ನಿಮಿಷ. ಏಣಿ ಇಳಿಸಲೇ ಇಲ್ಲ.
ಹದಿನೇಳು ದಿನ ಕಳೆದು ಕಾಗದ ಬಂತು:
ಮನೆ ಕೆಟ್ಟದ್ದು ನೀರಿನಿಂದ, ಪಾಲಿಸಿ ಇರುವುದು ಗಾಳಿಗೆ.
ಗಾಳಿಯ ಪಾಲಿಗೆ ಸೂರಿನ ಹನ್ನೆರಡು ಹಾಳೆ,
ಒಂಬೈನೂರ ನಲವತ್ತು ಡಾಲರ್.
ಅದರಲ್ಲಿ ಕಳೆಯಿರಿ
ನೀವೇ ಭರಿಸಬೇಕಾದ ಮೊದಲ ಮೂರು ಸಾವಿರ.
ಕಳೆದೆ.
ನಾನೇ ಅವರಿಗೆ ಬಾಕಿ ಇದ್ದೇನೇನೋ ಅನಿಸಿತು.

ಪೋರ್ಟ್ ಆರ್ಥರಿನಲ್ಲಿ ಆ ತಿಂಗಳೆಲ್ಲ ಒಂದೇ ಮಾತು:
ಗಾಳಿಯೋ? ನೀರೋ?
ಚರ್ಚಿನ ಮೆಟ್ಟಿಲ ಮೇಲೆ, ಐಸಿಗಾಗಿ ನಿಂತ ಸಾಲಿನಲ್ಲಿ,
ಸತ್ತವರು ಯಾರು ಎಂದು ಕೇಳುವ ದನಿಯಲ್ಲಿ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳಬೇಡ ವರ್ಲೀನ್,
ಎಂದಳು ನಾದಿನಿ ಒಡೀಲ್.
ಗುದ್ದಲೇಬೇಕಿದ್ದರೆ
ಗುದ್ದಲು ಬಲ್ಲವರನ್ನು ಗೊತ್ತುಮಾಡಿಕೋ.

ಹಾಗೆ ಬಂದವಳು ಥುಯ್ ಲುವೊಂಗ್.
ಸಿಗಡಿ ದೋಣಿಯವನ ಮಗಳು, ಕೊರಳಲ್ಲಿ ಲೈಸೆನ್ಸು,
ಹೆಗಲ ಮೇಲೆ ಏಣಿ.
ಪಬ್ಲಿಕ್ ಅಡ್ಜಸ್ಟರ್, ಎಂದಳು.
ಅಡ್ಜಸ್ಟ್ ಮಾಡಿಕೊಂಡೇ ಅರವತ್ತೆಂಟಾಯಿತು ನನಗೆ,
ಅದಕ್ಕೊಬ್ಬಳು ಬೇರೆ ಬೇಕೆ, ಎಂದೆ.
ನಗಲಿಲ್ಲ. ಪ್ರತಿ ಬಾಗಿಲಲ್ಲೂ ಇದನ್ನೇ ಕೇಳಿರಬೇಕು.
ಅವರ ಲೆಕ್ಕ ಅವರು ಹಾಕಿದರು,
ನಾನು ನಿಮ್ಮದು ಹಾಕುತ್ತೇನೆ.
ಬಂದದ್ದರಲ್ಲಿ ಹತ್ತರಲ್ಲೊಂದು ನನಗೆ.
ಬರದಿದ್ದರೆ ಇಲ್ಲ.
ಓದದೆ ಸಹಿ ಮಾಡಬೇಡಿ, ಎಂದು
ಮೇಜಿನ ಮೇಲಿದ್ದ ನನ್ನ ಕನ್ನಡಕ ಎತ್ತಿಕೊಟ್ಟಳು.

ಓದಿದೆ. ಓದುತ್ತಲೇ ಮನೆಯನ್ನು ಹತ್ತು ಪಾಲು ಮಾಡಿದೆ.
ಇವಳಿಗೆ ಯಾವುದು?
ಮುಂದಿನ ಜಗಲಿ ಆಗದು,
ಅಲ್ಲಿ ಕೂತು ಕ್ಲೆಟಸ್ ಬಟಾಣಿ ಸುಲಿಯುತ್ತಿದ್ದ,
ಸುಲಿದಷ್ಟನ್ನೂ ತಿನ್ನುತ್ತಿದ್ದ.
ಅಡುಗೆಮನೆ ಕೊಟ್ಟರೆ ಉಣ್ಣುವುದೆಲ್ಲಿ?
ಬಚ್ಚಲು ಒಯ್ಯಲಿ ಬೇಕಾದರೆ,
ಆ ನಲ್ಲಿ ಎಂದೂ ನನ್ನ ಮಾತು ಕೇಳಿದ್ದಿಲ್ಲ.
ಸಹಿ ಹಾಕಿದೆ.

ಅವಳು ಮನೆಯನ್ನು ಮೇಲಿನಿಂದ ಕೆಳಕ್ಕೆ ಓದಿದಳು.
ಅಟ್ಟದಲ್ಲಿ ಅಂಗಾತ ಮಲಗಿ, ಟಾರ್ಚು ಕಚ್ಚಿಕೊಂಡು:
ಮೊಳೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿವೆ, ಬರೆದುಕೊಳ್ಳಿ.
ಗೋಡೆಗೊಂದು ತೂತು ಕೊರೆದು ಬೆರಳಿಟ್ಟಳು.
ನೋಡಿ, ಈ ಕಲೆ ಇಳಿದಿದೆ, ಹತ್ತಿಲ್ಲ.
ಬೀದಿಯ ನೀರು ಹತ್ತುತ್ತದೆ,
ತಾನು ಬಂದ ಎತ್ತರಕ್ಕೆ ಗೆರೆ ಎಳೆದು ಹೋಗುತ್ತದೆ.
ಅಗೋ ಗೆರೆ, ನಿಮ್ಮ ಮಂಡಿಗೆ.
ಅದರ ಮೇಲಿನದೆಲ್ಲ ಮಳೆ.
ಗಾಳಿ ಸೂರು ಎತ್ತದೆ ಮಳೆ ಒಳಗೆ ಬರುವುದು ಹೇಗೆ?
ನಲವತ್ತು ವರ್ಷ ಒಳಗಿದ್ದವಳು ನಾನು,
ಮನೆಯ ಮೈ ಮುಟ್ಟಿ ನೋಡಿದ್ದು ಅಂದೇ ಮೊದಲು.

ನಡುಕೋಣೆಯಲ್ಲಿ ನಿಂತಳು.
ನೆಲದ ಹಲಗೆಯಲ್ಲಿ ಮೂರು ಗುಳಿ, ನಾಲ್ಕನೆಯದು ಕೆಸರಲ್ಲಿ.
ಪಿಯಾನೋ? ಪೆನ್ನು ಎತ್ತಿದಳು.
ಇತ್ತು, ಎಂದೆ.
ಇತ್ತು ಎನ್ನುವುದು ಸುಳ್ಳಲ್ಲ.
ಮಾರಿ ಎರಡು ವರ್ಷ, ಕ್ಲೆಟಸನ ಆಸ್ಪತ್ರೆಯ ಬಿಲ್ಲಿಗೆ.
ಪೆನ್ನು ಗಾಳಿಯಲ್ಲೇ ಇತ್ತು.
ನಾಲ್ಕು ಸಾವಿರ, ಐದೂ ಆಗಬಹುದು.
ಹೊರಗೆ ಯಾರದೋ ಜನರೇಟರು ಕೆಮ್ಮುತ್ತಿತ್ತು.
ಬಿರುಗಾಳಿಯ ದಿನ ಇತ್ತೆ, ಮಿಸೆಸ್ ಸಿಮಿಯನ್?
ಇಲ್ಲ.
ಬರೆದಳು: ನೆಲ, ಪೈನ್ ಹಲಗೆ, ನೂರಾ ಎಂಬತ್ತು ಚದರಡಿ.
ಬರೆದು, ಗುಳಿಯೊಂದರಲ್ಲಿ
ಬೂಟಿನ ತುದಿ ಇಟ್ಟು ಸುಮ್ಮನೆ ನಿಂತಳು.

ಆಮೇಲೆ ಹನ್ನೊಂದು ತಿಂಗಳು.
ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಕಾಗದಗಳು,
ಅವಕ್ಕೆ ಅವಳ ದಪ್ಪ ದಪ್ಪ ಉತ್ತರಗಳು,
ಇನ್ನೊಬ್ಬ, ಮತ್ತೊಬ್ಬ, ಕೊನೆಗೆ ಏಣಿ ಹತ್ತಿದವನೊಬ್ಬ.
ಕೇಳಿದಷ್ಟು ಬರಲಿಲ್ಲ. ಸೂರಿಗೂ ಗೋಡೆಗೂ ಸಾಕಾಯಿತು,
ಜಗಲಿಗೆ ಆಗಲಿಲ್ಲ.

ಅವಳ ಹತ್ತರಲ್ಲೊಂದಕ್ಕೆ ಚೆಕ್ಕು ಬರೆಯಲು ಕೂತೆ.
ಹೆಸರು, ಮೊತ್ತ, ತಾರೀಖು.
ಕೆಳಗಿನ ಮೂಲೆಯಲ್ಲಿ, ಯಾವುದರ ಬಾಬ್ತು ಎಂಬ ಗೆರೆಯಲ್ಲಿ
ಕೈ ತಡೆಯಿತು.
ಹೊಸ ನೆಲದ ಮೇಲೆ ಕುರ್ಚಿ ಇನ್ನೂ ಜಾರುತ್ತದೆ,
ಮುಂದಕ್ಕೆಳೆದುಕೊಂಡು
ಗಾಳಿ ಎಂದು ಬರೆದೆ.